‘ಲೇ’ ಅಂದ್ರೆ ಪ್ರೀತಿಯೋ, ಬೈಗುಳವೋ? ತಿರುಗಿ ಅನ್ನೋಕೆ ಆಗುತ್ತಾ ನೋಡಿ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ, ಬಾದಾಮಿಗೆ ಹೊರಳುವ ಜಾಗ ಕುಳಗೇರಿ ಕ್ರಾಸ್. ಬಸ್ಸು ಕಾಯುತ್ತ ಇಲ್ಲಿ 10 ನಿಮಿಷ ನಿಂತರೆ ಸಾಕು, ‘ಲೇ’ ಅನ್ನೋ ಪದ ಹತ್ತಾರು ಸಲ ಕಿವಿಗೆ ಬೀಳುತ್ತೆ. ‘ಯಾವಾಗ ಬಂದಿಲೇ?’, ‘ಚಾ ಕುಡ್ಯೂಣ ಬಾರಲೇ’, ‘ಹೋಗಲೇ, ಸುಳ್ಳ ಹೇಳಬ್ಯಾಡ’. ಮೂರರಲ್ಲೂ ಸಿಟ್ಟಿಲ್ಲ, ಸಲುಗೆ ಇದೆ.

ಇದೇ ಪದ ಬಾಯಲ್ಲಿಟ್ಟುಕೊಂಡು ನಾನು ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಹೋದೆ. ಹಾಸ್ಟೆಲ್‌ನ ಮೊದಲ ವಾರ, ಮಂಡ್ಯ ಕಡೆಯ ರೂಮ್‌ಮೇಟ್‌ಗೆ ‘ಊಟಕ್ಕ ಹೋಗೂಣೇನಲೇ?’ ಅಂದೆ. ಅವನು ‘ಯಾರಿಗೋ ಲೇ ಅಂತೀಯಾ?’ ಅಂತ ಎದ್ದು ನಿಂತ. ಎರಡು ದಿನ ಮಾತಿಲ್ಲ. ಮೂರನೇ ದಿನ ರಾಜಿಗೆ ಬಂದು ‘ಬಿಡು ಮಗಾ’ ಅಂದ. ಈಗ ಸಿಟ್ಟು ಬಂದದ್ದು ನನಗೆ. ನಮ್ಮ ಕಡೆ ಜಗಳಕ್ಕೆ ನಿಂತವರ ಬಾಯಲ್ಲಿ ಮೊದಲು ಬರೋದೇ ‘ಏ ಮಗನ’. ಅವನ ಪ್ರೀತಿ ನನಗೆ ಬೈಗುಳ, ನನ್ನದು ಅವನಿಗೆ.

ಒಂದು ಪದ, ಎರಡು ಬಳಕೆ

ಹಳೇ ಮೈಸೂರು ಕಡೆ ಗೆಳೆಯನಿಗೆ ‘ಬಾರೋ’, ‘ಹೌದು ಕಣೋ’. ಗೆಳತಿಗೆ ‘ಬಾರೇ’, ‘ಹೌದು ಕಣೇ’. ಅಲ್ಲಿ ‘ಲೇ’ ಹೆಚ್ಚಾಗಿ ಹೆಂಗಸರನ್ನು ಕರೆಯೋ ಪದ. ಹೆಂಡತಿಯ ಹೆಸರು ಹೇಳದೆ ‘ಲೇ ಇವಳೇ’ ಅಂತ ಕೂಗುತ್ತಿದ್ದ ಹಳೇ ಕಾಲದ ಗಂಡಂದಿರನ್ನು ನೆನಪಿಸಿಕೊಳ್ಳಿ. ಗಂಡಸಿಗೆ ಅಂದರೆ ಅದು ಕೆಣಕುವ ಮಾತು. ಬಾಗಲಕೋಟೆ, ಗದಗ, ಧಾರವಾಡ ಕಡೆ ‘ಲೇ’ ಮುಖ್ಯವಾಗಿ ಗಂಡುಮಕ್ಕಳಿಗೆ. ಮೈಸೂರಿನ ‘ಓ’ ಮಾಡುವ ಕೆಲಸವನ್ನೇ ಇಲ್ಲಿ ‘ಲೇ’ ಮಾಡುತ್ತೆ.

‘ರೀ’ ಕಥೆಯೂ ಹೀಗೇ. ನಮ್ಮಲ್ಲಿ ಗುರುತಿಲ್ಲದವರ ಜೊತೆ ಮಾತೆಲ್ಲ ‘ಹೌದ್ರಿ’, ‘ಬರ್ರಿ’, ‘ಇಲ್ರಿ’. ಬೆಂಗಳೂರಲ್ಲಿ ‘ರೀ’ ಅಂದರೆ ಹೆಂಡತಿ ಗಂಡನನ್ನು ಕರೆದ ಹಾಗೆ ಅಂತ ನಗೋರಿದ್ದಾರೆ. ‘ಲೇ’ ಕೇಳಿ ಉತ್ತರ ಕರ್ನಾಟಕದವರು ಒರಟರು ಅನ್ನೋರು ಈ ‘ರೀ’ಯನ್ನು ಲೆಕ್ಕಕ್ಕೇ ಹಿಡಿಯಲ್ಲ.

ಒರಟು ಅನ್ನೋ ಮುಂಚೆ

ಹಳಗನ್ನಡದಲ್ಲಿ ‘ಎಲೆ’, ‘ಎಲೇ’, ‘ಎಲಾ’ ಬರೀ ಕರೆಯೋ ಪದಗಳು. ಗದುಗಿನ ಕುಮಾರವ್ಯಾಸನ ಭಾರತದಲ್ಲಿ ರಾಜರಿಗೂ ‘ಎಲೆ’ ಅಂತಲೇ ಕರೆಯುತ್ತಾರೆ. ಮುಂದಿನ ‘ಎ’ ಬಿದ್ದು ಉಳಿದದ್ದು ನಮ್ಮ ‘ಲೇ’. ಹುಟ್ಟಿನಲ್ಲಿ ಅದಕ್ಕೆ ಅವಮಾನದ ಅರ್ಥ ಇರಲಿಲ್ಲ.

ಇನ್ನು ಶುದ್ಧ ಕನ್ನಡದ ವಿಚಾರ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರೋದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಅನ್ನುತ್ತೆ. ಕೊಪಣ ಇವತ್ತಿನ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಕಿಸುವೊಳಲು ಅಂದರೆ ಬಾದಾಮಿ ಪಕ್ಕದ ಪಟ್ಟದಕಲ್ಲು. ಹಾಗಂತ ‘ನಮ್ಮದೇ ಅಸಲಿ’ ಅಂತ ಎದೆ ಉಬ್ಬಿಸಬೇಕಿಲ್ಲ. ಅದೇ ಕೃತಿ ಕನ್ನಡವನ್ನು ಬಹುವಚನದಲ್ಲಿ, ಕನ್ನಡಗಳು ಅಂತಲೂ ಹೇಳುತ್ತೆ.

ಕ್ಯಾನ್‌ಬೆರಾದ ‘ಮೇಟ್’

ಇಂಗ್ಲಿಷಿನಲ್ಲೂ ಇಂಥ ಪದಗಳಿವೆ. ‘ಮೇಟ್’ ಆಸ್ಟ್ರೇಲಿಯಾದಲ್ಲಿ ಗೆಳೆಯನಿಗೂ ಸಲ್ಲುತ್ತೆ, ಗುರುತಿಲ್ಲದವನಿಗೂ ಸಲ್ಲುತ್ತೆ. ಸ್ವರ ಬದಲಾದರೆ ಬೆದರಿಕೆಯೂ ಆಗುತ್ತೆ. 2005ರಲ್ಲಿ ಅಲ್ಲಿನ ಸಂಸತ್ ಭವನದ ಭದ್ರತಾ ಸಿಬ್ಬಂದಿಗೆ, ಯಾರನ್ನೂ ‘ಮೇಟ್’ ಅನ್ನಬೇಡಿ ಅಂತ ಸೂಚನೆ ಬಂತು. ಪ್ರಧಾನಿ ಜಾನ್ ಹೋವರ್ಡ್ ಕೂಡ ಟೀಕಿಸಿದರು, ಸೂಚನೆ ಬೇಗನೇ ವಾಪಸ್ ಆಯ್ತು. ಪದದ ಅರ್ಥ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾವಲುಗಾರ ಅದನ್ನು ಮೇಲಿನವರಿಗೆ ಅನ್ನಬಹುದಾ ಅನ್ನೋದು ಮಾತ್ರ ತಕರಾರು.

ಈ ಪ್ರಶ್ನೆಯನ್ನು ನಮ್ಮೂರಿಗೂ ತರಬೇಕು.

ಯಾರು ಯಾರಿಗೆ?

ನನಗಾಗ ಎಂಟು ವರ್ಷ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ, ನಮ್ಮಜ್ಜನ ವಾರಿಗೆಯ ದಲಿತ ಹಿರಿಯರೊಬ್ಬರಿಗೆ ‘ಎತ್ತಿಗೆ ನೀರ ಕುಡಸಲೇ’ ಅಂದಿದ್ದೆ. ಅವರು ‘ಹೂಂನ್ರಿ ಸಣ್ಣ ಧಣ್ಯಾರ’ ಅಂತ ಎದ್ದು ಹೋದರು. ಮನೆಯಲ್ಲಿ ಯಾರೂ ನನ್ನನ್ನ ತಡೆಯಲಿಲ್ಲ. ಅದೇ ಸಂಜೆ ಸೋದರಮಾವನಿಗೆ ಬಾಯಿತಪ್ಪಿ ‘ಲೇ’ ಅಂದೆ, ಬೆನ್ನಿಗೆ ಗುದ್ದು ಬಿತ್ತು. ಅಂದರೆ, ಹಿರಿಯರಿಗೆ ‘ಲೇ’ ಅನ್ನಬಾರದು ಅನ್ನೋದು ನಮ್ಮ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಆ ಹಿರಿಯರು ಮಾತ್ರ ಲೆಕ್ಕದಲ್ಲಿರಲಿಲ್ಲ.

‘ನಮ್ಮ ಭಾಷಾನೇ ಹಿಂಗ್ರಿ’ ಅನ್ನೋ ಸಮಜಾಯಿಷಿ ನನಗೆ ಪೂರ್ತಿ ಒಪ್ಪಿಗೆಯಾಗದಿರೋದು ಇದಕ್ಕೇ. ಬೆಂಗಳೂರಿನ ಗೇಲಿಗೆ ಆ ಉತ್ತರ ಸರಿ. ಆದರೆ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯೋ ‘ಲೇ’ಗೆ ಪ್ರಾದೇಶಿಕ ಸೊಗಡಿನ ಹೆಸರಲ್ಲಿ ಮಾಫಿ ಕೊಡೋಕಾಗಲ್ಲ. ನಾನು ಇಟ್ಟುಕೊಂಡಿರೋ ಪರೀಕ್ಷೆ ಸರಳ: ಅನ್ನಿಸಿಕೊಂಡವರು ತಿರುಗಿ ‘ಲೇ’ ಅನ್ನಬಹುದಾ? ಚಾ ಅಂಗಡಿ ಮುಂದೆ ಗೆಳೆಯ ಅನ್ನಬಹುದು, ಅದು ಸಲುಗೆ. ಠಾಣೆಯಲ್ಲಿ ‘ಏನಲೇ?’ ಅನ್ನಿಸಿಕೊಂಡ ಹಮಾಲಿ ಅನ್ನಲಾರ, ಅದು ದರ್ಪ. ಈ ಪರೀಕ್ಷೆ ಮಂಡ್ಯದ ‘ಮಗಾ’ಗೂ ನಡೆಯುತ್ತೆ, ಆಫೀಸಿನಲ್ಲಿ ಬಾಸ್ ಮಾತ್ರ ಬಳಸೋ ಏಕವಚನಕ್ಕೂ ನಡೆಯುತ್ತೆ.

ಆ ಹಿರಿಯರು ಈಗಿಲ್ಲ. ಕಳೆದ ಸಲ ಊರಿಗೆ ಹೋದಾಗ ಅವರ ಮೊಮ್ಮಗ ಕ್ರಾಸಿನಲ್ಲಿ ಸಿಕ್ಕ. ನಾನು ಸ್ವಲ್ಪ ಅಳುಕುತ್ತಲೇ ‘ಆರಾಮ ಏನ್ರಿ?’ ಅಂದೆ. ಅವನು ನಕ್ಕು, ‘ನನಗ್ಯಾಕ ರೀ ಅಂತೀಲೇ? ಸಾಲ್ಯಾಗ ಕೂಡೇ ಕಲ್ತೇವಿ’ ಅಂದ. ಚಾದ ರೊಕ್ಕವನ್ನೂ ಅವನೇ ಕೊಟ್ಟ.