ಅಗ್ಗದ ಅಂಗಡಿ, ಅಂದದ ಅಂಗಡಿ: ಬ್ರಿಟನ್ನಿನ ದಿನಸಿ ಮತ್ತು ವೈನಿನ ಕತೆ



ನಾವು ಕನ್ನಡಿಗರು ಈ ದೇಶದಲ್ಲಿ ನಾಲ್ಕು ಜನ ಸೇರಿದರೆ ಮಾತು ಮಕ್ಕಳ ಓದು, ಮನೆಸಾಲ, ಊರಿಗೆ ಹೋಗುವ ವಿಮಾನದ ಟಿಕೆಟ್ಟು ಎಲ್ಲವನ್ನೂ ಸುತ್ತಿಕೊಂಡು ಕೊನೆಗೆ ಅಂಗಡಿಗೇ ಬಂದು ನಿಲ್ಲುತ್ತದೆ. ಆಲ್ಡಿ, ಲಿಡ್ಲ್ ಇದ್ದರೆ ಸಾಕು ಎನ್ನುವವರು ಒಂದು ಕಡೆ. ಹಣ್ಣು, ಚೀಸು, ವೈನು ಏನಿದ್ದರೂ ವೇಟ್ರೋಸಿನದೇ ಆಗಬೇಕು ಎನ್ನುವವರು ಇನ್ನೊಂದು ಕಡೆ. ಅಗ್ಗದ ಅಂಗಡಿಯ ಚೀಲವನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ಒಳಗಿಡುವವರೂ ನಮ್ಮಲ್ಲಿ ಇಲ್ಲದಿಲ್ಲ. ಈ ಎರಡು ಬಗೆಯ ಅಂಗಡಿಗಳು ಹೇಗೆ ಬಂದವು, ನಾವು ಹೆಚ್ಚಾಗಿ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ವೈನ್ ಮುಟ್ಟದ ಮನೆಗಳವರೂ ಓದಬಹುದು. ಹಾಲು-ಅಕ್ಕಿಯ ಲೆಕ್ಕವೂ ಇದರಲ್ಲಿದೆ.

ದಿನಸಿ ಅಂಗಡಿಗೆ ವೈನ್ ಬಂದದ್ದು

ಅಕ್ಕಿ, ಸಕ್ಕರೆ ಮಾರುವ ಅಂಗಡಿಯಲ್ಲೇ ವೈನ್ ಬಾಟಲಿಯೂ ಇರುವುದನ್ನು ಕಂಡು ಊರಿನಿಂದ ಬಂದ ನಮ್ಮ ಹಿರಿಯರು ಹುಬ್ಬೇರಿಸುವುದುಂಟು. ಇದರ ಮೂಲ 1860ರಲ್ಲಿದೆ. ಆಗ ಹಣಕಾಸು ಮಂತ್ರಿಯಾಗಿದ್ದ ಗ್ಲ್ಯಾಡ್‌ಸ್ಟನ್ ಫ್ರಾನ್ಸಿನೊಡನೆ ವ್ಯಾಪಾರ ಒಪ್ಪಂದ ಮಾಡಿಕೊಂಡು ವೈನಿನ ಮೇಲಿನ ಸುಂಕವನ್ನು ಬಹಳ ಇಳಿಸಿದರು. ಅದರ ಬೆನ್ನಿಗೇ ದಿನಸಿ ವ್ಯಾಪಾರಿಗಳು ಪರವಾನಗಿ ಪಡೆದು ಬಿಡಿ ಬಾಟಲಿ ಮಾರಲು ಅವಕಾಶವಾಯಿತು. ಜನ ಜಿನ್ ಬಿಟ್ಟು ಊಟದ ಜೊತೆ ಹಗುರವಾದ ವೈನ್ ಕುಡಿಯಲಿ ಎಂಬುದು ಅವರ ಆಸೆ.

ಆದರೂ ಮುಂದಿನ ನೂರು ವರ್ಷ ವೈನ್ ಸಿರಿವಂತರ ಮನೆಯ ವಸ್ತುವಾಗಿಯೇ ಉಳಿಯಿತು. ಹೊರಗೆ ಕೊಂಡೊಯ್ಯುವ ಮದ್ಯವನ್ನು ಕೂಡ ಗೊತ್ತಾದ ಗಂಟೆಗಳಲ್ಲಿ ಮಾತ್ರ ಮಾರಬೇಕಾಗಿತ್ತು. 1961ರ ಪರವಾನಗಿ ಕಾನೂನು ಅಂಗಡಿ ತೆರೆದಿರುವ ಹೊತ್ತಿನಲ್ಲೆಲ್ಲ ಮಾರಬಹುದು ಎಂದಮೇಲೆ ಸೂಪರ್‌ಮಾರ್ಕೆಟ್ಟುಗಳು ಈ ವ್ಯಾಪಾರಕ್ಕೆ ಕೈಹಾಕಿದವು. ಬಿಯರಿಗೆ ಅನುಕೂಲವಾಗುವಂತೆ ವೈನಿಗೆ ಹೆಚ್ಚು ತೆರಿಗೆ ಹಾಕಿದ್ದೀರಿ ಎಂದು 1983ರಲ್ಲಿ ಯುರೋಪಿನ ನ್ಯಾಯಾಲಯ ಬ್ರಿಟನ್ನಿಗೆ ಹೇಳಿತು. ಮರುವರ್ಷದ ಬಜೆಟ್ಟಿನಲ್ಲಿ ಸುಂಕ ಇಳಿಯಿತು. ವೈನ್ ಸಾಮಾನ್ಯರ ಬುಟ್ಟಿಗೂ ಬಂತು.

ಬೆಲೆಯ ಬೇಲಿ ಮುರಿದದ್ದು

ಇಂದಿನ ದೊಡ್ಡ ಅಂಗಡಿಗಳೆಲ್ಲ ಒಂದು ಕಾಲದಲ್ಲಿ ಸಣ್ಣವೇ. ಸೇನ್ಸ್‌ಬರೀಸ್ 1869ರಲ್ಲಿ ಲಂಡನ್ನಿನ ಡ್ರೂರಿ ಲೇನಿನಲ್ಲಿ ಗಂಡ ಹೆಂಡತಿ ಸೇರಿ ತೆರೆದ ಅಂಗಡಿ. ವೇಟ್ರೋಸ್ 1904ರಲ್ಲಿ ಆಕ್ಟನ್ನಿನಲ್ಲಿ ಮೂವರು ಪಾಲುದಾರರು ಶುರುಮಾಡಿದ್ದು. ವೇಟ್ ಮತ್ತು ರೋಸ್ ಎಂಬ ಇಬ್ಬರ ಹೆಸರು ಕೂಡಿ ಆ ಹೆಸರಾಯಿತು. 1937ರಲ್ಲಿ ಅದು ಕೆಲಸಗಾರರೇ ಪಾಲುದಾರರಾಗಿರುವ ಜಾನ್ ಲೂಯಿಸ್ ಸಂಸ್ಥೆಗೆ ಸೇರಿತು. ಟೆಸ್ಕೋ ಕಟ್ಟಿದ ಜ್ಯಾಕ್ ಕೋಹೆನ್ 1919ರಲ್ಲಿ ಪೂರ್ವ ಲಂಡನ್ನಿನ ಸಂತೆಯಲ್ಲಿ ಯುದ್ಧದಿಂದ ಉಳಿದ ಸಾಮಾನು ಮಾರುತ್ತಿದ್ದವರು. ಇಂದಿನ ಗೌರವಸ್ಥ ಅಂಗಡಿಯೊಂದರ ಬುಡದಲ್ಲಿ ಹೀಗೆ ಸಂತೆಯ ಕೈಗಾಡಿ ಇದೆ.

ಅಗ್ಗದ ಅಂಗಡಿಗಳಿಗೆ ದಾರಿ ಮಾಡಿದ್ದು 1964ರ ಇನ್ನೊಂದು ಕಾನೂನು. ಅದಕ್ಕೆ ಮೊದಲು ಅನೇಕ ವಸ್ತುಗಳ ಚಿಲ್ಲರೆ ಬೆಲೆಯನ್ನು ತಯಾರಕರೇ ಗೊತ್ತು ಮಾಡುತ್ತಿದ್ದರು. ಅಂಗಡಿಯವನು ಇಳಿಸಿ ಮಾರಿದರೆ ಮುಂದೆ ಸರಕು ಕೊಡುತ್ತಿರಲಿಲ್ಲ. ಎಡ್ವರ್ಡ್ ಹೀತ್ ಮಂತ್ರಿಯಾಗಿದ್ದಾಗ ಸ್ವಪಕ್ಷದವರ ವಿರೋಧವನ್ನೂ ಎದುರಿಸಿ ಈ ಪದ್ಧತಿಯನ್ನು ಮುರಿದರು. ಅಂದಿನಿಂದ ಬೆಲೆಯಲ್ಲಿ ಪೈಪೋಟಿ ಸಾಧ್ಯವಾಯಿತು.

ಜರ್ಮನಿಯಿಂದ ಬಂದವರು

ಅಷ್ಟರಲ್ಲಿ ಜರ್ಮನಿಯ ಎಸೆನ್ ಪಟ್ಟಣದಲ್ಲಿ ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಎಂಬ ಅಣ್ಣತಮ್ಮಂದಿರು ತಾಯಿಯ ಅಂಗಡಿಯನ್ನು ಯುದ್ಧಾನಂತರ ವಹಿಸಿಕೊಂಡು ಬೆಳೆಸಿದ್ದರು. ಸಿಗರೇಟು ಮಾರಬೇಕೆ ಬೇಡವೆ ಎಂಬ ವಿಷಯದಲ್ಲಿ ಮನಸ್ಸು ಒಡೆದು 1960ರ ದಶಕದ ಆರಂಭದಲ್ಲಿ ವ್ಯಾಪಾರ ಎರಡು ಪಾಲಾಯಿತು. ಆಲ್ಬ್ರೆಕ್ಟ್ ಡಿಸ್ಕೌಂಟ್ ಎಂಬುದರ ಚುಟುಕು ರೂಪವೇ ಆಲ್ಡಿ. ಅದರ ದಕ್ಷಿಣ ಶಾಖೆ 1990ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಟೆಚ್‌ಫರ್ಡಿನಲ್ಲಿ ಬಾಗಿಲು ತೆರೆಯಿತು. 1994ರಲ್ಲಿ ಲಿಡ್ಲ್ ಬಂತು.

ಇವರ ಗುಟ್ಟು ಸರಳ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ವಸ್ತು; ಆಲ್ಡಿಯಲ್ಲಿ ಇಂದಿಗೂ ಸುಮಾರು 2,000. ಟೊಮೇಟೊ ಸಾಸಿಗೆ ಹತ್ತು ಹೆಸರಿಲ್ಲ, ಒಂದೋ ಎರಡೋ. ಆದ್ದರಿಂದ ಆ ಒಂದನ್ನೇ ರಾಶಿಗಟ್ಟಲೆ ಕೊಳ್ಳುತ್ತಾರೆ. ಬಂದ ಪೆಟ್ಟಿಗೆಯನ್ನು ಹಾಗೆಯೇ ಕಪಾಟಿನಲ್ಲಿಡುತ್ತಾರೆ. ಟ್ರಾಲಿಗೆ ನಾಣ್ಯ ಹಾಕಬೇಕು. ಅದನ್ನು ಜಾಗಕ್ಕೆ ತಂದಿಡುವ ಕೆಲಸ ನಮ್ಮದೇ. ಯೋಚಿಸಿ ನೋಡಿದರೆ ಟೂಟಿಂಗ್, ಸೌತಾಲ್, ಲೆಸ್ಟರಿನ ನಮ್ಮ ಇಂಡಿಯನ್ ಅಂಗಡಿಗಳಲ್ಲಿ ಬೇಳೆಯ ದೊಡ್ಡ ಚೀಲಗಳನ್ನು ನೆಲದ ಮೇಲೇ ಒಟ್ಟಿ ಮಾರುವುದೂ ಇದೇ ಜಾತಿಯ ವ್ಯಾಪಾರ. ಅಲ್ಲಿಗೆ ಹೋಗಲು ನಾವು ಎಂದೂ ನಾಚಿದವರಲ್ಲ.

ಮೊದಮೊದಲು ಈ ಅಂಗಡಿಗಳನ್ನು ಕಂಡು ಮೂಗು ಮುರಿದವರೇ ಹೆಚ್ಚು. 2008ರ ಆರ್ಥಿಕ ಕುಸಿತ ಬಂದಾಗ ಮಧ್ಯಮವರ್ಗದವರೂ ಒಳಹೊಕ್ಕರು. 2009ರಲ್ಲಿ ವೇಟ್ರೋಸ್ ‘ಎಸೆನ್ಷಿಯಲ್’ ಹೆಸರಿನಲ್ಲಿ ಕಡಿಮೆ ಬೆಲೆಯ ದಿನಬಳಕೆಯ ವಸ್ತುಗಳನ್ನು ತಂದಿತು. 2015ರಲ್ಲಿ ಮಾರುಕಟ್ಟೆಯ ಪಾಲಿನಲ್ಲಿ ಆಲ್ಡಿ ವೇಟ್ರೋಸನ್ನು ದಾಟಿತು; 2022ರಲ್ಲಿ ಮಾರಿಸನ್ಸನ್ನೂ ದಾಟಿ ನಾಲ್ಕನೆಯ ಸ್ಥಾನಕ್ಕೆ ಬಂತು. 2020ರಲ್ಲಿ ಟೆಸ್ಕೋ ತನ್ನ ಕೆಲವು ವಸ್ತುಗಳ ಮೇಲೆ ‘ಆಲ್ಡಿಯಷ್ಟೇ ಬೆಲೆ’ ಎಂಬ ಚೀಟಿ ಅಂಟಿಸಲು ತೊಡಗಿದ್ದು ಚರಿತ್ರೆಯ ತಮಾಷೆ.

ಈಗ ಲೆಕ್ಕ

ಮೊದಲು ವೈನ್. 2023ರ ಆಗಸ್ಟಿನಿಂದ ಸುಂಕವನ್ನು ಮದ್ಯಸಾರದ ಪ್ರಮಾಣ ನೋಡಿ ಹಾಕುತ್ತಾರೆ. 2025ರ ಫೆಬ್ರವರಿಯಲ್ಲಿ ಗೊತ್ತಾದ ದರದಂತೆ ಶೇಕಡಾ 12.5ರ ಒಂದು ಬಾಟಲಿಗೆ ಸುಂಕ ಸುಮಾರು 2.77 ಪೌಂಡ್. ಅದರ ಮೇಲೆ ಶೇಕಡಾ 20 ವ್ಯಾಟ್. 6 ಪೌಂಡಿನ ಬಾಟಲಿಯಲ್ಲಿ ವ್ಯಾಟ್ 1 ಪೌಂಡ್. ಸುಂಕ ಕಳೆದರೆ ಉಳಿಯುವುದು 2.23. ಗಾಜು, ಸಾಗಣೆ, ಅಂಗಡಿಯ ಲಾಭ, ದ್ರಾಕ್ಷಿ ಬೆಳೆದವನ ಶ್ರಮ ಎಲ್ಲವೂ ಅಷ್ಟರಲ್ಲೇ ಆಗಬೇಕು. ಅದೇ 9 ಪೌಂಡಿನ ಬಾಟಲಿಯಲ್ಲಿ 4.73 ಉಳಿಯುತ್ತದೆ. ಬೆಲೆ ಒಂದೂವರೆ ಪಟ್ಟು, ಉಳಿಕೆ ಎರಡು ಪಟ್ಟಿಗೂ ಹೆಚ್ಚು. ಹೀಗಾಗಿ ತೀರಾ ಅಗ್ಗದ ವೈನ್ ಕೊಂಡವರು ಹೆಚ್ಚಾಗಿ ತೆರಿಗೆಯನ್ನೇ ಕೊಂಡಂತೆ. ಸ್ಕಾಟ್ಲೆಂಡಿನಲ್ಲಂತೂ ಕನಿಷ್ಠ ಬೆಲೆಯ ಕಾನೂನಿದೆ. 2024ರ ಸೆಪ್ಟೆಂಬರಿನ ದರದಂತೆ ಇಂಥ ಬಾಟಲಿಯನ್ನು 6 ಪೌಂಡಿಗೆ ಮಾರುವಂತೆಯೇ ಇಲ್ಲ.

ಈ ಲೆಕ್ಕ ಯಾವ ಅಂಗಡಿಗಾದರೂ ಒಂದೇ. ಆಲ್ಡಿಯ 9 ಪೌಂಡಿನ ಬಾಟಲಿ ವೇಟ್ರೋಸಿನ 6 ಪೌಂಡಿನದಕ್ಕಿಂತ ಚೆನ್ನಾಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಆಯ್ಕೆ ಮತ್ತು ಹೊಸತನ ಬೇಕಾದಾಗ ಅಂದದ ಅಂಗಡಿಯೇ ಮೇಲು. 2011ರಲ್ಲಿ ಮಹಾರಾಷ್ಟ್ರದ ದ್ರಾಕ್ಷಿಯ ವೈನುಗಳನ್ನು ತಂದಿಟ್ಟದ್ದು ವೇಟ್ರೋಸ್. ಎಲ್ಲಕ್ಕೂ ಸೇರಿ ಎರಡು ಸಾವಿರದಷ್ಟೇ ಜಾಗ ಇಟ್ಟುಕೊಂಡ ಅಂಗಡಿ ಇಂಥ ಪ್ರಯೋಗಕ್ಕೆ ಸುಲಭವಾಗಿ ಇಳಿಯದು.

ದಿನಸಿಯ ಲೆಕ್ಕ ಬೇರೆ. 1973ರಲ್ಲಿ ವ್ಯಾಟ್ ಬಂದಾಗಿನಿಂದ ಹಾಲು, ಅಕ್ಕಿ, ಬೇಳೆ, ತರಕಾರಿಗೆ ತೆರಿಗೆ ಸೊನ್ನೆ. ಇಲ್ಲಿ ಹೆಚ್ಚು ಕೊಟ್ಟ ಹಣ ಕೆಲವು ಸಲ ಒಳ್ಳೆಯ ಮಾಲಿಗೆ ಹೋಗುತ್ತದೆ. ಸಕ್ಕರೆ, ಉಪ್ಪು, ಮೈದಾಹಿಟ್ಟಿನಂಥವುಗಳಲ್ಲಿ ಬಹುಪಾಲು ಅಂಗಡಿಯ ಅಗಲ ಓಣಿ, ದೀಪ, ಹತ್ತು ಬಗೆಯ ಆಯ್ಕೆಗೇ ಹೋಗುತ್ತದೆ. ಆ ಸೌಕರ್ಯವೂ ಒಂದು ಸರಕೇ. ಬೇಕಾದವರು ತಿಳಿದು ಕೊಳ್ಳಲಿ.

ನಮ್ಮಲ್ಲಿ ಈಚೆಗೆ ಬಂದ ಕುಟುಂಬಗಳಿಗೆ ಬಾಡಿಗೆ, ವೀಸಾ ಖರ್ಚು, ಊರಿಗೆ ಕಳಿಸುವ ಹಣ ಎಲ್ಲವೂ ಒಂದೇ ಸಂಬಳದಲ್ಲಿ ಆಗಬೇಕು. ಅವರು ನಮ್ಮನ್ನು ನೋಡಿ ಮರ್ಯಾದೆಗೆಂದು ದುಬಾರಿ ಅಂಗಡಿಗೆ ಹೋಗುವಂತಾದರೆ ಅದು ನಾವು ಅವರ ಮೇಲೆ ಹೊರಿಸಿದ ಹೊರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ದಿನಸಿಯಲ್ಲಿ ಉಳಿಸೋಣ, ವೈನ್ ಕುಡಿಯುವ ಮನೆಯವರು ಕಡಿಮೆ ಸಲ, ಸ್ವಲ್ಪ ಒಳ್ಳೆಯದನ್ನೇ ಕೊಳ್ಳಲಿ. ಸಂಘದ ಮುಂದಿನ ಊಟಕ್ಕೆ ಯಾರು ಯಾವ ಚೀಲದಲ್ಲಿ ಏನು ತಂದರೂ ಪ್ರೀತಿಯಿಂದ ಬಡಿಸೋಣ.