ಬಯಲುಸೀಮೆಯ ದಾರಿ, ತಂಗುದಾಣ ಮತ್ತು ನೀರು



ಅಮೆರಿಕೆಯ ಅರಿಜೋನಾ ಸಂಸ್ಥಾನದಲ್ಲಿ ನೆಲಸಿರುವ ನನ್ನ ಸೋದರಳಿಯನು ಕಳೆದ ಚಳಿಗಾಲದಲ್ಲಿ ಒಂದು ವಸತಿ ವಾಹನವನ್ನು ಬಾಡಿಗೆಗೆ ಪಡೆದು, ಹೆಂಡತಿ ಮಕ್ಕಳೊಡನೆ ಹತ್ತು ದಿನ ಅಲ್ಲಿನ ಮರುಭೂಮಿಯನ್ನು ಸುತ್ತಿ ಬಂದನು. ಅವರು ಅದನ್ನು ಕ್ಯಾಂಪರ್ ಎನ್ನುತ್ತಾರೆ. ಮಲಗುವ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುವ ಗಾಡಿ. ನಮ್ಮ ಬೆಂಗಳೂರಿನಲ್ಲಿಯೂ ಈಗ ಕ್ಯಾರವಾನ್ ಎಂಬ ಹೆಸರಿನಲ್ಲಿ ಇಂಥವು ಬಾಡಿಗೆಗೆ ದೊರೆಯುತ್ತವೆ. ಬರುವ ಸಂಕ್ರಾಂತಿಗೆ ಊರಿಗೆ ಬಂದಾಗ ಅಂಥದೊಂದರಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಈ ನಾಲ್ಕು ತಾಲ್ಲೂಕುಗಳನ್ನು ಮಕ್ಕಳಿಗೆ ತೋರಿಸಬೇಕೆಂಬುದು ಅವನ ಹಂಬಲ. ದಾರಿಯ ಯೋಜನೆಯನ್ನು ಮಾಡಿಕೊಡುವ ಕೆಲಸ ನನಗೆ ಬಂದಿದೆ. ಎಂಬತ್ತಾರು ವಯಸ್ಸಿನ ನಮ್ಮ ಅಕ್ಕನೂ ಹೊರಡುತ್ತೇನೆಂದು ಹಟ ಹಿಡಿದಿದ್ದಾಳೆ. ಆದರೆ ಅವನ ಮಗಳು ದೂರವಾಣಿಯಲ್ಲಿ, "ತಾತ, ಒಂದು ದಿನ ಕೋಟೆ ನೋಡಿಕೊಂಡು ಹೊರಟುಬಿಡೋಣ, ಅಲ್ಲಿ ಬೇರೆ ಏನೂ ಇಲ್ಲವಂತಲ್ಲ?" ಎಂದಳು. ಈ ಮಾತನ್ನು ಆ ಮಗುವೊಬ್ಬಳೇ ಹೇಳಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಬೆಂಗಳೂರಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಕಾರು ಓಡಿಸುವ ನನ್ನ ಶಿಷ್ಯರಲ್ಲಿ ಎಷ್ಟೋ ಮಂದಿ ಇದನ್ನೇ ಹೇಳುತ್ತಾರೆ.

ಅರಿಜೋನಾದ ಪ್ರವಾಸಕ್ಕೆ ಹೇಗೆ ಸಿದ್ಧತೆ ಮಾಡಿಕೊಂಡೆಯಪ್ಪಾ ಎಂದು ಅಳಿಯನನ್ನು ಕೇಳಿದೆ. ಮೊದಲು ನೀರಿನ ಲೆಕ್ಕ, ಆಮೇಲೆ ಉಳಿದದ್ದು ಎಂದನು. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ಕುಡಿಯುವ ನೀರು. ತೊಟ್ಟಿ ತುಂಬಿಸಿಕೊಳ್ಳುವ ಊರು ಯಾವುದು, ಅಲ್ಲಿಂದ ಮುಂದಿನ ಊರು ಎಷ್ಟು ದೂರ ಎಂಬ ಪಟ್ಟಿ. ಅಲ್ಲಿ ಕೇಂದ್ರ ಸರ್ಕಾರದ ಖಾಲಿ ಭೂಮಿಯಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನಗಳವರೆಗೆ ಹಣ ಕೊಡದೆ ಬೀಡುಬಿಡಬಹುದು, ಆದರೆ ನೀರನ್ನು ನಾವೇ ಒಯ್ಯಬೇಕು. ಆ ಸೀಮೆಯ ಹೆದ್ದಾರಿಗಳ ಇತಿಹಾಸವೂ ಹೀಗೆಯೇ ಇದೆ. 1857ರಲ್ಲಿ ಎಡ್ವರ್ಡ್ ಬೀಲ್ ಎಂಬಾತನು ಒಂಟೆಗಳನ್ನು ಕಟ್ಟಿಕೊಂಡು ಅಲ್ಲಿ ಗಾಡಿದಾರಿಯನ್ನು ಗುರುತಿಸಿದಾಗ ಒಂದು ಒರತೆಯಿಂದ ಇನ್ನೊಂದು ಒರತೆಗೆ ಗೆರೆ ಎಳೆದನು. ಅನಂತರ ಬಂದ ರೈಲಿನ ಉಗಿ ಎಂಜಿನ್ನಿಗೂ ನೀರು ಬೇಕಾಗಿದ್ದರಿಂದ ನಿಲ್ದಾಣಗಳು ನೀರನ್ನು ಅರಸಿಕೊಂಡೇ ಹುಟ್ಟಿದವು. ಮೋಟಾರು ರಸ್ತೆ ಬಹುಪಾಲು ಆ ರೈಲುದಾರಿಯ ಪಕ್ಕದಲ್ಲಿಯೇ ಬಂದಿತು.

ನಮ್ಮದು ಮರುಭೂಮಿಯಲ್ಲ. ಅರಿಜೋನಾದ ಫೀನಿಕ್ಸ್ ನಗರಕ್ಕೆ ವರ್ಷಕ್ಕೆ ಎಂಟು ಅಂಗುಲದಷ್ಟು ಮಳೆ. ಚಿತ್ರದುರ್ಗದ ಕಡೆಗೆ ಇಪ್ಪತ್ತೆರಡು ಅಂಗುಲದ ಆಸುಪಾಸು, ಹಿರಿಯೂರಿನ ಕಡೆ ಇನ್ನೂ ಕಡಮೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ ಸಿಕ್ಕ ಸೀಮೆ ಇದು. ಆದರೂ ಮಕ್ಕಳಿಗೆ ಇಲ್ಲಿ ಪರಿಚಿತ ಮುಖಗಳು ಕಾಣಿಸಿಯಾವು: ಹೊಲದ ಬದುಗಳಲ್ಲಿ ನಿಂತ ಪಾಪಾಸುಕಳ್ಳಿ ಅಮೆರಿಕೆಯಿಂದ ಬಂದ ಜಾತಿ, ಕೆರೆಯಂಗಳಗಳನ್ನೆಲ್ಲ ನುಂಗಿರುವ ಬಳ್ಳಾರಿಜಾಲಿಯೂ ಆ ಖಂಡದ್ದೇ, ಅರಿಜೋನಾದ ಮೆಸ್ಕೀಟ್ ಎಂಬ ಮುಳ್ಳುಮರದ ದಾಯಾದಿ. (ಇವೆರಡೂ ವೀಸಾ ಕೇಳದೆ ಬಂದು ನೆಲಸಿವೆ!)

ಈ ಒಣ ಸೀಮೆಯಲ್ಲಿ ನಮ್ಮ ಹಿರಿಯರೂ ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಸಂಚರಿಸಿದವರೇ. ಅಕ್ಕ ಹೇಳುವಂತೆ, ಅವಳು ಚಿಕ್ಕವಳಿದ್ದಾಗ ಹೊಸದುರ್ಗದ ಕಡೆಯಿಂದ ದುರ್ಗಕ್ಕೆ ಕಮಾನುಗಾಡಿಯಲ್ಲಿ ಬರಲು ದಾರಿಯಲ್ಲೊಂದು ರಾತ್ರಿ ತಂಗಲೇಬೇಕಾಗಿತ್ತು. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಜಮಖಾನ, ಗಾಡಿಯ ಕೆಳಗೆ ತೂಗುಹಾಕಿದ ಲಾಟೀನು, ಬುತ್ತಿಯ ಗಂಟು, ಹಿತ್ತಾಳೆಯ ಬಿಂದಿಗೆ. ಅಪ್ಪ ಗಾಡಿ ಕೊಳ್ಳ ಹರಿಯುತ್ತಿದ್ದುದು ಗುಂಡುತೋಪಿನಲ್ಲಿ ಮಾತ್ರ. ಏಕೆಂದರೆ ಗುಂಡುತೋಪು ಇರುವೆಡೆ ಬಾವಿಯೋ ಕಟ್ಟೆಯೋ ಇದ್ದೇ ಇರುತ್ತಿತ್ತು. ದಾರಿಯುದ್ದಕ್ಕೂ ಸಾಲುಮರ, ಬೇಸಗೆಯಲ್ಲಿ ಅರವಟ್ಟಿಗೆ, ತಲೆಹೊರೆ ಇಳಿಸುವ ಕಲ್ಲು. ಇವುಗಳನ್ನು ಕಟ್ಟಿಸಿದವರು ಪುಣ್ಯಕ್ಕೆಂದು ಕಟ್ಟಿಸಿದರು ನಿಜ, ಆದರೆ ಎಲ್ಲಿ ಕಟ್ಟಬೇಕೆಂಬುದನ್ನು ಎತ್ತಿನ ದಣಿವು ಮತ್ತು ನೆಲದೊಳಗಿನ ನೀರು ತೀರ್ಮಾನಿಸಿದವು.

ಇವರಿಗಿಂತ ದೊಡ್ಡ ಸಂಚಾರಿಗಳು ಲಂಬಾಣಿಗಳು. ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯವನ್ನು ಹೇರಿಕೊಂಡು, ಹೆಂಡಿರು ಮಕ್ಕಳೊಡನೆ, ನೀರು ಮೇವು ಇರುವಲ್ಲಿ ತಾಂಡಾ ಹೂಡುತ್ತ ಅವರು ದಖ್ಖನ್ನಿನುದ್ದಗಲ ತಿರುಗಿದರು. 1791-92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಉಪವಾಸ ಬೀಳದಂತೆ ಧಾನ್ಯ ತಂದೊದಗಿಸಿದವರಲ್ಲಿ ಈ ಹೇರೆತ್ತಿನವರೇ ಪ್ರಮುಖರು. ರೈಲು ಬಂದು, ಗಾಡಿ ರಸ್ತೆಗಳು ಬಂದು ಅವರ ವೃತ್ತಿಯನ್ನು ಕಿತ್ತುಕೊಂಡ ಮೇಲೆ ನಿಂತ ನೆಲದಲ್ಲಿಯೇ ತಾಂಡಾಗಳು ಊರುಗಳಾದವು. ಹೊಳಲ್ಕೆರೆ ತಾಲ್ಲೂಕಿನಲ್ಲಿ ಅಂಥ ತಾಂಡಾಗಳು ಹಲವು. ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಕುಳಿತ ಕೆಲವು ಚುರುಕು ಮಕ್ಕಳು ಅಲ್ಲಿಂದ ನಡೆದು ಬಂದವರು. ಕಾಡುಗೊಲ್ಲರ ಹಟ್ಟಿಗಳು, ಮ್ಯಾಸಬೇಡರ ದೇವರ ಎತ್ತುಗಳು ಮತ್ತು ಅವುಗಳನ್ನು ಕಾಯುವ ಕಿಲಾರಿಗಳು ಕೂಡ ಮೇವು ನೀರಿನ ಹಿಂದೆ ಸಾಗಿದ ಬದುಕಿನವರೇ. ದನಗಳಿಗಾಗಿ ಬಿಟ್ಟಿದ್ದ ಅಮೃತಮಹಲ್ ಕಾವಲುಗಳು ಈಗ ಬಹಳ ಕುಗ್ಗಿವೆ. ಅರಿಜೋನಾದಂತೆ ಖಾಲಿ ಭೂಮಿ ಕಂಡಲ್ಲಿ ವಾಹನ ನಿಲ್ಲಿಸುವ ಯೋಚನೆಯನ್ನು ಅಳಿಯನು ಕೈಬಿಡಬೇಕು. ಇಲ್ಲಿ ಖಾಲಿಯಾಗಿ ಕಾಣುವ ನೆಲವೆಲ್ಲ ಯಾರದೋ ಕುರಿಯ ಮೇವು.

ಇನ್ನು ಬರೆದಿಟ್ಟು ಹೋದ ಪ್ರವಾಸಿಯೊಬ್ಬನ ಮಾತು. ಟಿಪ್ಪುವಿನ ಪತನದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟನು. ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿ, 1801ರಲ್ಲಿ ಹರಿಹರ, ದಾವಣಗೆರೆಗಳ ಮೇಲೆ ನಮ್ಮ ಸೀಮೆಗೆ ಬಂದನು. ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅವನಿಗೆ ರಾಜರ ಕಥೆಗಿಂತ ಮಣ್ಣಿನ ಬಣ್ಣ, ಬೆಳೆ, ಕಂಬಳಿಯ ನೇಯ್ಗೆ, ಕೆರೆಯ ಸ್ಥಿತಿ ಇವುಗಳಲ್ಲಿಯೇ ಆಸಕ್ತಿ. ಒಂದು ಕಾಲಕ್ಕೆ ದೊಡ್ಡದಾಗಿದ್ದ ಹಿರಿಯೂರು ಯುದ್ಧಗಳಿಂದಲೂ, ಪರಶುರಾಮ ಭಾವುವಿನ ದಂಡಯಾತ್ರೆಯ ಬೆನ್ನಿಗೆ ಬಂದ ಕ್ಷಾಮದಿಂದಲೂ ಹಾಳುಬಿದ್ದುದನ್ನು ಅವನು ದಾಖಲಿಸಿದ್ದಾನೆ. ವಿಜಯಿಗಳ ನೌಕರನಾಗಿ ಬಂದವನೆಂಬುದನ್ನು ಮರೆಯದೆ ಓದಬೇಕು; ಆದರೂ ನಮ್ಮ ಊರುಗಳ ಬಗ್ಗೆ ಇಷ್ಟು ವಿವರ ಬರೆದವರು ಆ ಕಾಲದಲ್ಲಿ ವಿರಳ.

ಈಗ ಯೋಜನೆಗೆ ಬರುತ್ತೇನೆ. ಕೋಟೆಯಿಂದ ಆರಂಭಿಸಬಾರದು, ಮಾರಿಕಣಿವೆಯಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರಿನಿಂದ ಹಿರಿಯೂರು ಸುಮಾರು 160 ಕಿಲೋಮೀಟರ್. ಮೊದಲು ತೇರುಮಲ್ಲೇಶ್ವರನ ಗುಡಿ. ಮಂಟಪದ ಮಾಳಿಗೆಯ ಹಳೆಯ ವರ್ಣಚಿತ್ರಗಳನ್ನು ತಲೆಯೆತ್ತಿ ನಿಧಾನವಾಗಿ ನೋಡಬೇಕು. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಕಡಮೆಯಾದರು. ಸಂಸ್ಥಾನದ ಐವರಲ್ಲಿ ಒಬ್ಬರು ಎಂದು ಲೆಕ್ಕ. ಆ ಪೆಟ್ಟಿನ ನೆನಪು ಆರುವ ಮುನ್ನವೇ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯಭಾರ ಮಾಡುತ್ತಿದ್ದ ಕಾಲದಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಕನ್ನಂಬಾಡಿಗೂ ಮೊದಲಿನ ಅಣೆಕಟ್ಟು, ಸುಣ್ಣದ ಗಾರೆಯಲ್ಲಿ ನಿಂತ ಕಲ್ಲುಗೋಡೆ. ಇದರ ಸಾಮರ್ಥ್ಯ 30 ಟಿ.ಎಂ.ಸಿ., ಭರ್ತಿಯ ಮಟ್ಟ 130 ಅಡಿ.

ಆದರೆ ನೀರನ್ನು ಕಟ್ಟಬಹುದೇ ಹೊರತು ಮಳೆಯನ್ನು ಕಟ್ಟಲಾಗುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ. ನಡುವೆ ಹುಟ್ಟಿದ ತಲೆಮಾರುಗಳು "ಕಣಿವೆ ಕೋಡಿ ಬಿದ್ದಾಗ" ಎಂಬ ಮಾತನ್ನು ಎಂದೂ ಆಗದ ಸಂಗತಿಗೆ ಹೋಲಿಕೆಯಾಗಿ ಬಳಸುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಅದಕ್ಕೆ ಐದಾರು ವರ್ಷಗಳ ಹಿಂದಷ್ಟೇ ನೀರು ತಳಮುಟ್ಟಿ, ಹಿರಿಯೂರಿನ ತೆಂಗಿನ ತೋಟಗಳು ಸುಳಿ ಒಣಗಿ ಬೋಳುಕಂಬಗಳಂತೆ ನಿಂತಿದ್ದವು. 2022ರ ಮಹಾಮಳೆಯ ಜೊತೆಗೆ, ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿಯ ಸುರಂಗ ದಾಟಿ ಬರತೊಡಗಿದ್ದ ಭದ್ರೆಯ ನೀರೂ ಸೇರಿತ್ತು. 2025ರ ಜನವರಿಯಲ್ಲಿ ಮಗದೊಮ್ಮೆ ಕೋಡಿ ಬಿದ್ದಿತು. ಹಿರಿಯೂರಿನವರು ಬಾಗಿನ ಹಿಡಿದು ಸಂಭ್ರಮಿಸಿದರೆ, ಹಿನ್ನೀರು ಏರಿದಾಗಲೆಲ್ಲ ಹೊಸದುರ್ಗದ ಕಡೆಯ ರೈತರ ಹೊಲ ತೋಟಗಳು ಮುಳುಗುತ್ತವೆ. ಒಂದೇ ನೀರಿಗೆ ಎರಡು ತಾಲ್ಲೂಕುಗಳಲ್ಲಿ ಎರಡು ಮುಖ. ಮಕ್ಕಳು ಎರಡೂ ದಡಗಳನ್ನು ನೋಡಬೇಕು. ಅಣೆಕಟ್ಟೆಯ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗಿದರೆ ಅರ್ಧ ಕಥೆ ಮಾತ್ರ ಕಂಡಂತಾಯಿತು.

ಆದ್ದರಿಂದ ಎರಡನೆಯ ದಿನ ಹೊಸದುರ್ಗ ತಾಲ್ಲೂಕು. ಇಲ್ಲಿ ಮತ್ತೋಡನ್ನು ಬಿಡಬೇಡಿರಿ. ನೋಡಲು ಸಾಧಾರಣ ಊರು. ಆದರೆ ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. ಬುಕನನ್ ಇಲ್ಲಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಳೆ ಧಾರಾಳವಾಗಿ ಸುರಿಯುವ ನಾಡಿನಲ್ಲಿ ಮಣ್ಣಿನ ಕ್ಷಾರ ನೀರಿನೊಡನೆ ತೊಳೆದುಹೋಗುತ್ತದೆ. ಇಲ್ಲಿ ಹಾಗಲ್ಲ, ನೆಲದ ತೇವ ಬಿಸಿಲಿಗೆ ಆರುವಾಗ ಸೌಳು ಮೇಲೆದ್ದು ಬಿಳಿಯ ಪೊರೆಯಾಗಿ ನಿಲ್ಲುತ್ತದೆ. ಆ ಸೌಳುಮಣ್ಣನ್ನು ಬೆಣಚುಕಲ್ಲಿನ ಪುಡಿಯೊಡನೆ ಕಾಸಿದರೆ ಗಾಜು. ಬೆಳೆಗೆ ಶಾಪವಾದದ್ದನ್ನೇ ಬಳೆ ಮಾಡಿ ಮಾರಿದ ಜನ! ಆ ಕುಲುಮೆಗಳು ಈಗಿಲ್ಲ. ಸಾಣೇಹಳ್ಳಿಯಲ್ಲಿ ರಾತ್ರಿ ತಂಗಲು ಮೊದಲೇ ಕೇಳಿಕೊಂಡರೆ ಒಳ್ಳೆಯದು. ಅಲ್ಲಿನ ಶಿವಸಂಚಾರ ನಾಟಕ ತಂಡವೂ 1997ರಿಂದ ವಾಹನದಲ್ಲಿ ರಂಗಸಜ್ಜು ಹೇರಿಕೊಂಡು ಊರೂರು ತಿರುಗುವ ತಂಡವೇ. ನಾಟಕೋತ್ಸವ ನಡೆಯುವುದು ನವೆಂಬರಿನಲ್ಲಾದ್ದರಿಂದ ನಮಗೆ ಅದು ದಕ್ಕದು. ಅಕ್ಕನ ಒತ್ತಾಯಕ್ಕೆ ಹಾಲುರಾಮೇಶ್ವರವೂ ಪಟ್ಟಿಯಲ್ಲಿದೆ. ಬೇಡಿಕೊಂಡವರಿಗೆ ಗಂಗಮ್ಮ ಕೊಳದೊಳಗಿಂದ ಪ್ರಸಾದ ತೇಲಿಸಿ ಕೊಡುತ್ತಾಳೆಂದು ಜನ ನಂಬುವ ಸ್ಥಳ. ನೀರು ವಿರಳವಾದ ಸೀಮೆಯಲ್ಲಿ ಬತ್ತದ ಒರತೆಯ ಬಳಿ ದೇವತೆ ನೆಲಸಿದ್ದು ನನಗೆ ಸಹಜವಾಗಿಯೇ ತೋರುತ್ತದೆ.

ಮೂರನೆಯ ದಿನ ಹೊಳಲ್ಕೆರೆಯಲ್ಲಿ ಬಯಲು ಗಣಪತಿಯ ದರ್ಶನ. ಊರಿನ ಹೆಸರಿನ ಕೊನೆಯಲ್ಲಿಯೇ ಕೆರೆಯಿದೆಯೆಂಬುದನ್ನು ಮಕ್ಕಳಿಗೆ ತೋರಿಸಿ, ಚಳ್ಳಕೆರೆ, ಮಾಡದಕೆರೆ, ಭೀಮಸಮುದ್ರ, ಭರಮಸಾಗರ ಎಂದು ನಕ್ಷೆಯಲ್ಲಿ ಬೆರಳಿಟ್ಟು ಎಣಿಸಲು ಹೇಳುವೆನು. ಕೆರೆಯನ್ನು ಸಮುದ್ರವೆಂದು ಕರೆದವರ ಆಸೆ ಎಷ್ಟು ದೊಡ್ಡದಿರಬೇಕು! ಹೊಸ ಬಡಾವಣೆಗಳಿಗೆ ಈಗ ಇಡುವ ಹೆಸರುಗಳಲ್ಲಿ ನೀರಿನ ಸುಳಿವೇ ಇಲ್ಲ. ನೀರು ಸಾವಿರ ಅಡಿಯ ಕೊಳವೆಬಾವಿಗೆ ಇಳಿದಿದೆ.

ಕೊನೆಯ ಎರಡು ದಿನ ಚಿತ್ರದುರ್ಗಕ್ಕೆ. ಮೊದಲು ಚಂದ್ರವಳ್ಳಿ. ರೋಮನ್ ನಾಣ್ಯಗಳು ದೊರೆತ ಈ ಕಣಿವೆಯನ್ನು ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿ ಶೋಧಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿದರು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ್ದೆಂದು ಹೇಳುವ ಆ ಶಾಸನದಲ್ಲಿ ಹೆಸರಿಸಿದ ರಾಜ್ಯಗಳಾವುವೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕನ್ನಡ ನಾಡಿನ ಮೊದಲ ರಾಜವಂಶದ ಸ್ಥಾಪಕನು ಬರೆಯಿಸಿದ ಆ ಕೆಲವೇ ಸಾಲುಗಳಲ್ಲಿರುವುದು ಒಂದು ಕೆರೆಯ ಸಂಗತಿ ಎಂಬುದಷ್ಟೇ ನನಗೆ ಮುಖ್ಯ.

ಅನಂತರ ಕೋಟೆ. ಏಳುಸುತ್ತಿನ ಗೋಡೆಗಳನ್ನು, ಬತೇರಿಗಳನ್ನು ಮಾರ್ಗದರ್ಶಿಗಳು ಚೆನ್ನಾಗಿಯೇ ತೋರಿಸುತ್ತಾರೆ. ನಾನು ಮಕ್ಕಳನ್ನು ನೀರಿನ ಜಾಡಿನಲ್ಲಿ ನಡೆಸುವೆನು. ಮೇಲಿನ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ, ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ. ಮುಂದೆ ತಣ್ಣೀರು ದೋಣಿ, ಸಿಹಿನೀರು ಹೊಂಡಗಳೆಂದು ಮೆಟ್ಟಿಲಿಳಿದಂತೆ ಇಳಿಯುತ್ತ ಊರೊಳಗಿನ ಸಂತೆಹೊಂಡವನ್ನು ಸೇರುತ್ತದೆ. ಹೈದರಾಲಿಯ ಮುತ್ತಿಗೆಗಳನ್ನು ಈ ಕೋಟೆ ಅಷ್ಟು ಕಾಲ ತಡೆದುಕೊಂಡಿದ್ದರಲ್ಲಿ ಕಲ್ಲಿನ ಪಾಲೆಷ್ಟೋ ಈ ಹೊಂಡಗಳ ಪಾಲೂ ಅಷ್ಟೇ. ಓಬವ್ವನ ಕಥೆಯನ್ನೇ ನೋಡಿರಿ. ಕಾವಲಿನ ಗಂಡ ಉಣ್ಣಲು ಕುಳಿತಾಗ ಅವನಿಗೆ ನೀರು ತರಲೆಂದು ಆಕೆ ತಣ್ಣೀರು ದೋಣಿಗೆ ಹೋದಳು. ಅಲ್ಲಿ ಕಿಂಡಿಯಲ್ಲಿ ನುಸುಳುವ ಶತ್ರುಗಳ ಸದ್ದು ಕೇಳಿತು. ಒನಕೆಯನ್ನು ಎಲ್ಲರೂ ನೆನೆಯುತ್ತಾರೆ, ಕೊಡವನ್ನು ಯಾರೂ ನೆನೆಯುವುದಿಲ್ಲ. 1779ರಲ್ಲಿ ಕೋಟೆ ಹೈದರನ ವಶವಾಯಿತು. ಮದಕರಿ ನಾಯಕನು ಸೆರೆಯಾದನು. ಹೊಂಡಗಳು ಮಾತ್ರ ಮಳೆ ಬಂದಾಗ ಇಂದಿಗೂ ತುಂಬುತ್ತವೆ.

ಕೋಟೆಯ ಏರು ಅಕ್ಕನಿಗೆ ಆಗದು. ಅವಳನ್ನು ನಾನು ಸಂತೆಹೊಂಡದ ಬಳಿ ಕೂರಿಸಿಕೊಂಡಿರುತ್ತೇನೆ. ಮಕ್ಕಳು ಮೇಲಿನಿಂದ ನೀರಿನ ಜಾಡು ಹಿಡಿದು ಅಲ್ಲಿಗೇ ಇಳಿದು ಬರಲಿ. ಅಲ್ಲಿ ಅಷ್ಟು ದೊಡ್ಡ ವಾಹನ ನಿಲ್ಲಿಸಲು ಅನುಕೂಲವಿಲ್ಲ. ಅದನ್ನು ಊರ ಹೊರಗೆ ಬಿಟ್ಟು ನಡೆದು ಬರುವುದೇ ಲೇಸು.