ಲೆಂಗೆಡೆಯ ಹದಿನಾಲ್ಕು ದಿನಗಳು

ಜರ್ಮನಿಯ ಉತ್ತರ ಭಾಗದಲ್ಲಿ ಲೋಯರ್ ಸ್ಯಾಕ್ಸನಿ ಎಂಬ ರಾಜ್ಯವಿದೆ. ಅಲ್ಲಿನ ಪೈನೆ ಜಿಲ್ಲೆಯಲ್ಲಿರುವ ಲೆಂಗೆಡೆ ಒಂದು ಚಿಕ್ಕ ಊರು. ಜನಸಂಖ್ಯೆ ಹದಿನೈದು ಸಾವಿರದೊಳಗೆ. ಕೋಟೆಯಾಗಲಿ ಅರಮನೆಯಾಗಲಿ ಈ ಊರಿನ ಹೆಸರನ್ನು ಇತಿಹಾಸದಲ್ಲಿ ಸೇರಿಸಲಿಲ್ಲ. ನೆಲದ ಕೆಳಗಿದ್ದ ಕಬ್ಬಿಣದ ಅದಿರು ಅದಕ್ಕೆ ಅನ್ನವನ್ನೂ ಕೊಟ್ಟಿತು, ಕಣ್ಣೀರನ್ನೂ ತಂದಿತು. ಇಲ್ಲಿನ ಮಟಿಲ್ಡೆ ಎಂಬ ಗಣಿ 1977ರಲ್ಲಿ ಮುಚ್ಚಿಹೋಯಿತು. ಆದರೆ 1963ರ ಶರತ್ಕಾಲದ ಹದಿನಾಲ್ಕು ದಿನಗಳನ್ನು ಜರ್ಮನರು ಇಂದಿಗೂ ಮರೆತಿಲ್ಲ. ಅದನ್ನು ಅವರು ‘ಲೆಂಗೆಡೆಯ ಪವಾಡ’ ಎಂದು ಕರೆಯುತ್ತಾರೆ. ಆ ಪವಾಡದ ಒಳಗೆ ಏನಿತ್ತು ಎಂಬುದನ್ನು ನೋಡೋಣ.

ಗಣಿಯಿಂದ ತೆಗೆದ ಅದಿರಿಗೆ ಮಣ್ಣು ಅಂಟಿಕೊಂಡಿರುತ್ತದೆ. ಅದನ್ನು ತೊಳೆಯಬೇಕು. ತೊಳೆದ ರಾಡಿ ನೀರು ತಿಳಿಯಾಗಲೆಂದು ಲೆಂಗೆಡೆಯಲ್ಲಿ ದೊಡ್ಡ ಕೊಳಗಳನ್ನು ಮಾಡಿದ್ದರು. 1963ರ ಅಕ್ಟೋಬರ್ 24ರ ರಾತ್ರಿ 12ನೆಯ ಸಂಖ್ಯೆಯ ಕೊಳ ತಳ ಒಡೆದು ಗಣಿಯೊಳಗೆ ನುಗ್ಗಿತು. ಸುಮಾರು 5 ಲಕ್ಷ ಘನ ಮೀಟರ್ ನೀರು ಮತ್ತು ಕೆಸರು ಸುರಂಗಗಳನ್ನು ತುಂಬಿತು. ಆಗ ಒಳಗೆ 129 ಮಂದಿ ಇದ್ದರು. ಮೊದಲ ಕೆಲವು ಗಂಟೆಗಳಲ್ಲಿ 79 ಮಂದಿ ಹೇಗೋ ಹೊರಬಂದರು. 50 ಮಂದಿ ಒಳಗೇ ಉಳಿದರು. ಮರುದಿನ ಇನ್ನೂ 7 ಮಂದಿಯನ್ನು ಜೀವಂತವಾಗಿ ತರಲಾಯಿತು. ಉಳಿದವರು 43.

ನೀರು ತುಂಬಿದ ಗಣಿಯಲ್ಲಿ ಮನುಷ್ಯ ಬದುಕಿರುವುದು ಸಾಧ್ಯವೇ? ಒಂದು ಸರಳ ಪ್ರಯೋಗ ಮಾಡಿ. ಖಾಲಿ ಲೋಟವೊಂದನ್ನು ಬೋರಲಾಗಿ ಹಿಡಿದು ಬಕೆಟ್ಟಿನ ನೀರಿಗೆ ಒತ್ತಿ. ಲೋಟದೊಳಗಿನ ಗಾಳಿ ಎಲ್ಲಿಗೂ ಹೋಗದೆ ನೀರನ್ನು ತಡೆಯುತ್ತದೆ. ಸುರಂಗದ ಎತ್ತರದ ತುದಿಯಲ್ಲೂ ಹೀಗೆಯೇ ಗಾಳಿ ಸಿಕ್ಕಿಕೊಳ್ಳಬಹುದು. ಸುಮಾರು 80 ಮೀಟರ್ ಆಳದಲ್ಲಿ ಅಂಥದೊಂದು ಗಾಳಿಯ ಗೂಡಿನಲ್ಲಿ ಮೂವರು ಉಳಿದಿದ್ದರು. ಮೇಲಿನಿಂದ ರಂಧ್ರ ಕೊರೆದಾಗ ಅವರ ಸುಳಿವು ಸಿಕ್ಕಿತು.

ಆದರೆ ಈಗ ಲೋಟದ ತಳಕ್ಕೆ ಒಂದು ತೂತು ಮಾಡಿ ನೋಡಿ. ಗಾಳಿ ಹೊರಗೆ ಹೋಗುತ್ತದೆ, ನೀರು ಮೇಲೇರುತ್ತದೆ. ಹಾಗಾಗಿ ಆ ಮೂವರನ್ನು ಉಳಿಸಲು ಕೊರೆಯುವ ರಂಧ್ರವೇ ಅವರನ್ನು ಮುಳುಗಿಸುವ ಅಪಾಯವಿತ್ತು. ಇಂಜಿನಿಯರರು ರಂಧ್ರದ ಬಾಯನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯ ಒತ್ತಡ ಇಳಿಯದಂತೆ ನೋಡಿಕೊಂಡು ಕೆಲಸ ಮಾಡಿದರು. ಮೇಲೆ ಬಂದವರ ಮೇಲಿನ ಒತ್ತಡವನ್ನೂ ಒಮ್ಮೆಗೇ ಇಳಿಸುವಂತಿರಲಿಲ್ಲ. ಸೋಡಾ ಬಾಟಲಿಯ ಮುಚ್ಚಳ ತೆಗೆದೊಡನೆ ಗುಳ್ಳೆಗಳು ಏಳುವಂತೆ ರಕ್ತದಲ್ಲೂ ಗುಳ್ಳೆಗಳು ಏಳುತ್ತವೆ. ನವೆಂಬರ್ 1ರಂದು ಆ ಮೂವರೂ ಬದುಕಿ ಬಂದರು.

ಅಲ್ಲಿಗೆ ಎಲ್ಲರೂ ಆಸೆ ಬಿಟ್ಟಿದ್ದರು. ಮಡಿದವರಿಗೆ ಶ್ರದ್ಧಾಂಜಲಿ ಸಲ್ಲಿಸುವ ದಿನವೂ ನಿಗದಿಯಾಗಿತ್ತು. ಆದರೆ ಗಣಿಯ ಕೆಲಸಗಾರರಲ್ಲಿ ಕೆಲವರು ಒಪ್ಪಲಿಲ್ಲ. ಅದಿರು ತೆಗೆದು ಕೈಬಿಟ್ಟ ಹಳೆಯ ಪೊಟರೆಗಳಿಗೆ ಜರ್ಮನ್ ಗಣಿಗಾರರು ‘ಆಲ್ಟರ್ ಮಾನ್’, ಅಂದರೆ ‘ಮುದುಕ’ ಎನ್ನುತ್ತಾರೆ. ಅಲ್ಲಿ ಚಾವಣಿಗೆ ಆಧಾರವಿರುವುದಿಲ್ಲ, ಕಲ್ಲು ಯಾವಾಗ ಬೇಕಾದರೂ ಕುಸಿಯಬಹುದು. ಆದ್ದರಿಂದ ಅಲ್ಲಿಗೆ ಕಾಲಿಡಬಾರದೆಂಬುದು ನಿಯಮ. ಆದರೆ ನೀರು ಅಟ್ಟಿಸಿಕೊಂಡು ಬಂದಾಗ ನಮ್ಮವರು ಅಲ್ಲಿಗೇ ಓಡಿರಬಹುದು ಎಂದು ಅವರು ಹೇಳಿದರು. ಇನ್ನೊಂದೇ ಒಂದು ರಂಧ್ರ ಕೊರೆಯಲು ಆಡಳಿತ ಒಪ್ಪಿತು.

ನವೆಂಬರ್ 3ರ ಬೆಳಿಗ್ಗೆ ಕೊರೆಯುವ ಸಲಾಕೆ ಪೊಳ್ಳು ಜಾಗವನ್ನು ಮುಟ್ಟಿತು. ಕೆಳಗಿನಿಂದ ಯಾರೋ ಕಬ್ಬಿಣವನ್ನು ಬಡಿಯುತ್ತಿರುವ ಸದ್ದು ಕೇಳಿಸಿತು! ಹತ್ತು ದಿನ ಕತ್ತಲೆಯಲ್ಲಿದ್ದ 11 ಮಂದಿ ಅಲ್ಲಿ ಜೀವಂತವಾಗಿದ್ದರು. ಆ ಪೊಟರೆಗೆ ಓಡಿಹೋದವರು ಒಟ್ಟು 21 ಮಂದಿ. ಅವರಲ್ಲಿ 10 ಮಂದಿ ಅಷ್ಟರಲ್ಲಿ ಅಸುನೀಗಿದ್ದರು, ಹೆಚ್ಚಿನವರು ಮೇಲಿನಿಂದ ಬಿದ್ದ ಕಲ್ಲುಗಳಿಗೆ ಸಿಕ್ಕಿ. ಕಿರಿದಾದ ಆ ರಂಧ್ರದ ಮೂಲಕ ಆಹಾರ, ದೀಪ, ಮೈಕ್ರೊಫೋನ್ ಇಳಿದವು. ಆಗಷ್ಟೇ ಪಶ್ಚಿಮ ಜರ್ಮನಿಯ ಛಾನ್ಸಲರ್ ಆಗಿದ್ದ ಲುಡ್ವಿಗ್ ಎರ್ಹಾರ್ಡ್ ಕೂಡ ಸ್ಥಳಕ್ಕೆ ಬಂದು ಅವರೊಡನೆ ಮಾತನಾಡಿದರು.

ಮಾತು ಇಳಿಯುವ ರಂಧ್ರದಲ್ಲಿ ಮನುಷ್ಯ ಹತ್ತಿ ಬರಲಾರ. ಅಗಲವಾದ ರಂಧ್ರ ಬೇಕು, ಆದರೆ ಯಂತ್ರದ ಕಂಪನಕ್ಕೆ ಚಾವಣಿ ಕುಸಿಯಬಾರದು. ನಿಧಾನವಾಗಿ ನಾಲ್ಕು ದಿನ ಕೊರೆದರು. ಮನುಷ್ಯರನ್ನು ಎತ್ತಲು ಬಳಸಿದ್ದು ‘ಡಾಲ್‌ಬುಷ್ ಬಾಂಬ್’. ಹೆಸರು ಬಾಂಬ್ ಆದರೂ ಇದು ಪ್ರಾಣ ಉಳಿಸುವ ಉಕ್ಕಿನ ಕೊಳವೆ. ಸುಮಾರು ಎರಡೂವರೆ ಮೀಟರ್ ಉದ್ದ, 38.5 ಸೆಂಟಿಮೀಟರ್ ವ್ಯಾಸ. 1955ರಲ್ಲಿ ಗೆಲ್ಸೆನ್‌ಕಿರ್ಷನ್ ನಗರದ ಡಾಲ್‌ಬುಷ್ ಗಣಿಯಲ್ಲಿ ಮೂವರು ಸಿಕ್ಕಿಕೊಂಡಾಗ ಎಬರ್‌ಹಾರ್ಡ್ ಔ ಎಂಬ ಇಂಜಿನಿಯರ್ ಇದನ್ನು ರೂಪಿಸಿದ್ದರು. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ ಎಂಬುದು ಗಮನಾರ್ಹ. ನವೆಂಬರ್ 7ರಂದು ಮೊದಲು ಇಬ್ಬರು ರಕ್ಷಕರು ಆ ಕೊಳವೆಯಲ್ಲಿ ಕೆಳಗಿಳಿದರು. ಬಳಲಿದ್ದ 11 ಮಂದಿಯನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳಿಸಿ, ಆ ಮೇಲೆ ತಾವು ಬಂದರು.

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಈ ಘಟನೆ ಇನ್ನೊಂದು ಕಾರಣಕ್ಕೂ ಮುಖ್ಯ. ಪಶ್ಚಿಮ ಜರ್ಮನಿಯ ಎರಡನೆಯ ರಾಷ್ಟ್ರೀಯ ವಾಹಿನಿ ಆರಂಭವಾದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ನೂರಾರು ವರದಿಗಾರರು ಆ ಚಿಕ್ಕ ಊರಿಗೆ ಬಂದು ಸೇರಿದ್ದರು. ರಕ್ಷಣೆಯ ದೃಶ್ಯಗಳು ನೇರವಾಗಿ ಮನೆಮನೆಗೆ ತಲುಪಿದವು. ಕ್ಯಾಮರಾ ತೋರಿಸಿದ್ದು ಮೇಲೆ ಬಂದವರ ಮುಖಗಳನ್ನು. ಕೆಳಗೇ ಉಳಿದವರನ್ನು ಅದು ತೋರಿಸಲಾರದು. ಲೆಂಗೆಡೆಯಲ್ಲಿ ಒಟ್ಟು 29 ಮಂದಿ ಸತ್ತರು. ‘ಪವಾಡ’ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಸಂಖ್ಯೆಯನ್ನೂ ನಾವು ನೆನಪಿಡಬೇಕು. ಆ 29 ಮನೆಗಳಲ್ಲಿ ಅದು ಪವಾಡವಾಗಿರಲಿಲ್ಲ.

ಲೆಂಗೆಡೆಯಲ್ಲಿ ಬಳಸಿದ ಉಪಾಯ ಅಲ್ಲಿಗೇ ನಿಲ್ಲಲಿಲ್ಲ. 1989ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ಬಳಿಯ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗ, ಜಸ್ವಂತ್ ಸಿಂಗ್ ಗಿಲ್ ಎಂಬ ಇಂಜಿನಿಯರ್ ಇಂಥದೇ ಉಕ್ಕಿನ ಕೊಳವೆ ಮಾಡಿಸಿ, ತಾವೇ ಅದರಲ್ಲಿ ಕೆಳಗಿಳಿದು 65 ಕಾರ್ಮಿಕರನ್ನು ಮೇಲಕ್ಕೆ ತಂದರು. 2010ರಲ್ಲಿ ಚಿಲಿ ದೇಶದ ಸ್ಯಾನ್ ಹೊಸೆ ಗಣಿಯಿಂದ 33 ಮಂದಿ 69 ದಿನಗಳ ಬಳಿಕ ಬಂದದ್ದೂ ಇದೇ ಬಗೆಯ ಕೊಳವೆಯಲ್ಲಿ.

ವಿದ್ಯಾರ್ಥಿ ಮಿತ್ರರೇ, ಲೆಂಗೆಡೆಯ ರಕ್ಷಣೆಯಲ್ಲಿ ಅದೃಷ್ಟದ ಪಾಲು ಇತ್ತು, ನಿಜ. ಆದರೆ ಗಾಳಿಯ ಒತ್ತಡದ ಲೆಕ್ಕ ಗೊತ್ತಿದ್ದವರು ಅಲ್ಲಿದ್ದರು. ಎಂಟು ವರ್ಷ ಮೊದಲೇ ಒಬ್ಬ ಇಂಜಿನಿಯರ್ ಯೋಚಿಸಿದ್ದ ಕೊಳವೆ ಇತ್ತು. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಪೊಟರೆಯ ದಾರಿ ಬಲ್ಲ ಸಾಮಾನ್ಯ ಕೆಲಸಗಾರನ ಮಾತಿಗೆ ಕೊನೆಗೆ ಕಿವಿಗೊಟ್ಟರು. ಆ ಮಾತನ್ನು ಕೇಳದೆ ಯಂತ್ರಗಳನ್ನು ಹಿಂದಕ್ಕೆ ಕಳಿಸಿದ್ದರೆ ಸತ್ತವರ ಸಂಖ್ಯೆ 29ರ ಬದಲು 40 ಆಗುತ್ತಿತ್ತು.